ಶಾಲೆಯ ಅಂಗಳದ ದಬ್ಬಾಳಿಕೆ

(ಉಮ್ಮಚಗಿಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ತೋಟದ ಕೆಲಸ ಬಿಟ್ಟು ಬಂದಿದ್ದೀರಿ. ಅಂಗಡಿಯ ಬಾಗಿಲು ಅರ್ಧ ಎಳೆದು ಬಂದಿದ್ದೀರಿ. ದಾಂಡೇಲಿಯ ಕಾರ್ಖಾನೆಯಿಂದ ರಜೆಯ ಮೇಲೆ ಊರಿಗೆ ಬಂದವರು ಆ ರಜೆಯ ಒಂದು ಸಂಜೆಯನ್ನು ಇದಕ್ಕಾಗಿ ಕೊಟ್ಟಿದ್ದೀರಿ. ಮಾತು ಉದ್ದ ಮಾಡುವುದಿಲ್ಲವೆಂದು ಮೊದಲು ಹೇಳಿ ಆಮೇಲೆ ಉದ್ದ ಮಾಡುವುದು ಭಾಷಣಕಾರರ ಪದ್ಧತಿ. ನಾನು ಆ ಮಾತನ್ನೇ ಕೊಡುವುದಿಲ್ಲ. ವಿಷಯವೇ ಸ್ವಲ್ಪ ಉದ್ದವಾದದ್ದು.

ಇವತ್ತು ನಾವು ಕೂಡಿದ್ದು ಕೂಲಿಯ ದರಕ್ಕಲ್ಲ, ಅಡಿಕೆಯ ಧಾರಣೆಗಲ್ಲ, ಅರಣ್ಯ ಅತಿಕ್ರಮಣದ ಅರ್ಜಿಗೂ ಅಲ್ಲ. ಶಾಲೆಯಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಕಾಟದ ಬಗ್ಗೆ ಮಾತಾಡುವುದಕ್ಕೆ. ಈ ವಿಷಯ ಇಟ್ಟುಕೊಳ್ಳೋಣವೆಂದಾಗ ನಮ್ಮ ಗೆಳೆಯರೊಬ್ಬರು ನಕ್ಕರು. “ಇದಕ್ಕೂ ಒಂದು ಸಭೆಯೇ? ಹುಡುಗರು ಅಂದಮೇಲೆ ಹೊಡೆದಾಡುತ್ತಾರೆ, ಸಂಜೆಗೆ ಕೂಡಿ ಆಡುತ್ತಾರೆ” ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಡೆದಾಡಿ ಸಂಜೆಗೆ ಕೂಡಿ ಆಡುವ ಹುಡುಗರ ಚಿಂತೆ ಯಾರಿಗೂ ಬೇಡ. ನಾನು ಹೇಳುತ್ತಿರುವುದು ಬೇರೆ.

ಜಗಳದಲ್ಲಿ ಇಬ್ಬರೂ ಹೊಡೆಯುತ್ತಾರೆ, ಇಬ್ಬರೂ ಅಳುತ್ತಾರೆ. ಕಾಟದಲ್ಲಿ ದಿನವೂ ಒಬ್ಬನೇ ಅಳುತ್ತಾನೆ, ಉಳಿದವರು ದಿನವೂ ನಗುತ್ತಾರೆ. ಕಾರ್ಖಾನೆಯಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಕಾರ್ಮಿಕರು ಯಂತ್ರದ ಬದಿಗೆ ನಿಂತು ವಾದ ಮಾಡಿಕೊಂಡರೆ ಅದು ಜಗಳ. ಮುಕಾದಮನು ದಿನವೂ ಒಬ್ಬನನ್ನೇ ಆರಿಸಿ, ಹತ್ತು ಜನರೆದುರು ಅವನ ಊರು, ಜಾತಿ, ಮುಖ ಎತ್ತಿ ಆಡಿದರೆ ಅದನ್ನು ನೀವು ಜಗಳವೆನ್ನುತ್ತೀರಾ? ಅಂಥ ಕಾರ್ಮಿಕನಿಗೆ ಯೂನಿಯನ್ ಇದೆ. ತೀರ ಬೇಸತ್ತರೆ ಕೆಲಸ ಬಿಟ್ಟು ಬೇರೆ ಕಡೆ ಹೋಗಬಹುದು. ಮಗುವಿಗೆ ಇವೆರಡೂ ಇಲ್ಲ. ಬೆಳಗ್ಗೆ ನಾವೇ ಅದನ್ನು ಎಬ್ಬಿಸಿ, ತಲೆ ಬಾಚಿ, ಚೀಲ ಹೊರಿಸಿ, ಅದೇ ನಾಲ್ಕು ಜನರ ಕೈಗೆ ಕಳಿಸುತ್ತೇವೆ.

ಈ ಊರಿನಲ್ಲಿ ನಿಂತು ಈ ವಿಷಯ ಮಾತಾಡುವವನು ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ನಮ್ಮ ಯಲ್ಲಾಪುರ ತಾಲೂಕಿನಲ್ಲಿ, ಹಳಿಯಾಳದಲ್ಲಿ, ಅಂಕೋಲೆಯ ಘಟ್ಟದ ಅಂಚಿನಲ್ಲಿ ಸಿದ್ದಿ ಬಂಧುಗಳಿದ್ದಾರೆ. ಈ ಸಭೆಯಲ್ಲೂ ಇದ್ದಾರೆ. ಅವರ ಮನೆಯ ಮಗುವನ್ನು ಶಾಲೆಯಲ್ಲಿ ಕೂದಲಿಗೆ ಆಡಿಕೊಳ್ಳುತ್ತಾರೆ, ಬಣ್ಣಕ್ಕೆ ಆಡಿಕೊಳ್ಳುತ್ತಾರೆ. ಕೂದಲು ಹಿಡಿದು ಎಳೆದು ನೋಡುತ್ತಾರೆ. ಕರೆಯುವ ಹೆಸರುಗಳನ್ನು ನಾನು ಈ ವೇದಿಕೆಯಿಂದ ಉಚ್ಚರಿಸುವುದಿಲ್ಲ, ನಿಮಗೆಲ್ಲ ಗೊತ್ತಿವೆ. ಗೊತ್ತಿವೆ ಎಂಬುದೇ ನನ್ನ ತಕರಾರು. ಎರಡನೇ ಇಯತ್ತೆಯ ಹುಡುಗನಿಗೆ ಆ ಹೆಸರು ಎಲ್ಲಿಂದ ಬಂತು? ಪಠ್ಯಪುಸ್ತಕದಲ್ಲಿ ಇಲ್ಲ, ಮಾಸ್ತರರು ಕಲಿಸಿಲ್ಲ. ಜಗಲಿಯ ಮೇಲೆ ಕುಳಿತು ದೊಡ್ಡವರು ಆಡಿದ್ದನ್ನು ಅವನು ಶಾಲೆಗೆ ಹೊತ್ತುಕೊಂಡು ಹೋಗಿದ್ದಾನೆ, ಬುತ್ತಿಯನ್ನು ಹೊತ್ತುಕೊಂಡು ಹೋದ ಹಾಗೆ.

ಸಿದ್ದಿಗಳು ಇಲ್ಲಿಗೆ ಹೇಗೆ ಬಂದರೆಂಬುದನ್ನು ನಮ್ಮ ಶಾಲೆಗಳಲ್ಲಿ ಒಂದು ದಿನವಾದರೂ ಪಾಠ ಮಾಡಿದ್ದಿದೆಯೇ? ಪೂರ್ವ ಆಫ್ರಿಕಾದ ಜನರನ್ನು ಪೋರ್ತುಗೀಸರು ಹಡಗುಗಳಲ್ಲಿ ತುಂಬಿ ಗೋವೆಗೆ ತಂದು ಗುಲಾಮರನ್ನಾಗಿ ಮಾರಿದರು. ಅವರಲ್ಲಿ ಗುಲಾಮಗಿರಿಯನ್ನು ಒಪ್ಪದೆ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡಿಗೆ ಬಂದು ನೆಲೆ ನಿಂತರು. ಧಣಿಯನ್ನು ಧಿಕ್ಕರಿಸಿ ಬಂದವರ ಮೊಮ್ಮಕ್ಕಳು ಇವರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇವರಲ್ಲಿದ್ದಾರೆ, ಆದರೂ ಒಂದೇ ಜನವಾಗಿ ಉಳಿದಿದ್ದಾರೆ. ಪರಿಶಿಷ್ಟ ಪಂಗಡವೆಂದು ಸರಕಾರ ಇವರನ್ನು ಗುರುತಿಸಿದ್ದು 2003ರಲ್ಲಿ; ಸ್ವಾತಂತ್ರ್ಯ ಬಂದು 55 ವರ್ಷ ಕಳೆದ ಮೇಲೆ. 2020ರಲ್ಲಿ ಶಾಂತಾರಾಮ ಬುಡ್ನ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು; ಆ ಸಮುದಾಯದಿಂದ ರಾಜ್ಯದ ಶಾಸನಸಭೆಯನ್ನು ಹೊಕ್ಕ ಮೊದಲಿಗರು ಅವರು, ನಮ್ಮ ತಾಲೂಕಿನವರೇ. ಅವರ ಪಕ್ಷ ಬೇರೆ, ನಮ್ಮದು ಬೇರೆ. ಆದರೆ ಆ ದಿನ ನನಗೆ ಸಂತೋಷವಾದದ್ದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಪಕ್ಕದ ಮಂಚಿಕೇರಿಯ ರಂಗದ ಮೇಲೆ ಸಿದ್ದಿಗಳು ನಿಂತು ಆಡಿದ ನಾಟಕವನ್ನು ನೆನೆಯುವ ಹಿರಿಯರು ಇಂದಿಗೂ ಇದ್ದಾರೆ. ಇಷ್ಟನ್ನು ಒಂದು ತಾಸಿನ ಪಾಠವಾಗಿ ಮಕ್ಕಳಿಗೆ ಹೇಳಿದರೆ, ಮರುದಿನ ಕೂದಲಿಗೆ ಕೈ ಹಾಕುವ ಹುಡುಗ ಒಂದು ಕ್ಷಣವಾದರೂ ತಡೆದಾನು.

ಸಿದ್ದಿ ಮಕ್ಕಳದೊಂದೇ ಕಥೆ ಎಂದು ಯಾರೂ ತಿಳಿಯಬಾರದು. ಗೌಳಿಗಳ ಮಗುವಿಗೆ ಕನ್ನಡ ತಡವರಿಸುತ್ತದೆಂದು ಅಣಕ. ತೊದಲುವ ಹುಡುಗನಿಗೆ ಒಂದು ಹೆಸರು, ದಪ್ಪಗಿರುವ ಹುಡುಗಿಗೆ ಒಂದು ಹೆಸರು. ಅಪ್ಪ ಕುಡಿಯುತ್ತಾನೆಂದು ಮಗನಿಗೆ ಅಣಕ. ಚೆನ್ನಾಗಿ ಓದುವ ಹುಡುಗನಿಗೂ ಕಾಟ ತಪ್ಪಿದ್ದಲ್ಲ. ಆದರೆ ಎಲ್ಲೆಲ್ಲಿ ದೊಡ್ಡವರ ಲೋಕದಲ್ಲಿ ಮೇಲು-ಕೀಳು ಇದೆಯೋ ಅಲ್ಲಲ್ಲಿ ಮಕ್ಕಳ ಕಾಟಕ್ಕೆ ಸಿದ್ಧವಾದ ದಾರಿ ಇರುತ್ತದೆ. ತೊದಲುವ ಹುಡುಗನಿಗೆ ಮನೆಗೆ ಹೋದರೆ ಮುಗಿಯಿತು. ಜಾತಿಗೆ, ಬಣ್ಣಕ್ಕೆ ಅಣಕಿಸಿಕೊಂಡ ಮಗುವಿಗೆ ಅದು ಮುಗಿಯುವುದೇ ಇಲ್ಲ. ಯಾತಕ್ಕೆಂದರೆ ಅವನ ಅವ್ವನಿಗೂ ಅಪ್ಪನಿಗೂ ಅದೇ ಹೆಸರು ಬಿದ್ದಿರುತ್ತದೆ.

ನಾನು ಹೆಚ್ಚು ಓದಿದವನಲ್ಲ. ಮ್ಯಾಟ್ರಿಕ್ ಮುಗಿಸಿ ಕೆಲವು ವರ್ಷ ಹಳ್ಳಿಯ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡಿದವನು. ಆ ಶಾಲೆಯ ಹೆಸರು ಇಲ್ಲಿ ಬೇಡ. ಐದನೇ ಇಯತ್ತೆಯಲ್ಲಿ ಒಬ್ಬ ಸಿದ್ದಿ ಹುಡುಗನಿದ್ದ. ಒಂದು ದಿನ ಅವನ ಅವ್ವ ಬಂದು, “ಮಾಸ್ತರ್ರೇ, ಬಾಟ್ಲಿ ನೀರು ಹಂಗೇ ವಾಪಸ್ ಬತ್ತದೆ. ಇವ ಶಾಲೆಯಲ್ಲಿ ನೀರೇ ಕುಡಿಯೂದಿಲ್ಲ” ಎಂದಳು. ಹುಡುಗನನ್ನು ಕೇಳಿದರೆ ಬಾಯಾರಿಕೆಯಿಲ್ಲ ಎಂದ. ಎರಡು ದಿನ ಸುಮ್ಮನೆ ನೋಡಿದೆ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು; ಹೋಗಬೇಕಾದ ಜಾಗ ಶಾಲೆಯ ಹಿಂಬದಿ; ಅಲ್ಲಿ ಏಳನೆಯವರು ನಾಲ್ಕು ಮಂದಿ ನಿಂತಿರುತ್ತಿದ್ದರು. ಅವನ ಕೂದಲನ್ನು ಎಳೆದು ಯಾರು ನೆಟ್ಟಗೆ ಮಾಡುತ್ತಾರೆಂದು ಅವರ ಪಂಥ. ಸುತ್ತ ಹತ್ತು ಹುಡುಗರು ನಿಂತು ನೋಡುವವರು. ಅದಕ್ಕಾಗಿ ಆ ಮಗು ಬೆಳಗಿನಿಂದ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು ಕುಳಿತಿರುತ್ತಿತ್ತು.

ಮಗು ಏಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳಿದರೆ ಮಾಸ್ತರರು ತರಗತಿಯಲ್ಲೇ ಆ ನಾಲ್ವರನ್ನು ನಿಲ್ಲಿಸಿ ಬೈಯುತ್ತಾರೆ, ಸಂಜೆ ದಾರಿಯಲ್ಲಿ ಅದರ ಬಡ್ಡಿ ತಾನು ತೆರಬೇಕು ಎಂಬ ಲೆಕ್ಕ ಅದಕ್ಕೆ ಗೊತ್ತಿರುತ್ತದೆ. ಮನೆಯಲ್ಲಿ ಹೇಳಿದರೆ ಅಪ್ಪನಿಗೆ ಸಿಟ್ಟು ಬರುತ್ತದೆ, ಅವ್ವನಿಗೆ ಅಳು ಬರುತ್ತದೆ. ಎರಡೂ ಅದಕ್ಕೆ ಬೇಡ. ಆದ್ದರಿಂದ ಮಗು ಬಾಯಿಂದ ಹೇಳುವುದಿಲ್ಲ, ಬೇರೆ ರೀತಿಯಿಂದ ಹೇಳುತ್ತದೆ. ಸೋಮವಾರ ಬೆಳಗ್ಗೆ ಹೊಟ್ಟೆನೋವು. ವಾರಕ್ಕೆ ಎರಡು ಪೆನ್ನು ಕಳೆಯುತ್ತದೆ. ಹತ್ತಿರದ ದಾರಿ ಬಿಟ್ಟು ಸುತ್ತು ದಾರಿಯಲ್ಲಿ ಬರುತ್ತದೆ. ತಾಯಂದಿರೇ, ಇದನ್ನು ನೀವು ಮಾಸ್ತರರಿಗಿಂತ ಮೊದಲು ಕಾಣುತ್ತೀರಿ. ಆ ಹುಡುಗನ ವಿಷಯ ಹೊರಬಿದ್ದದ್ದು ಅವನ ಅವ್ವ ಬಾಟ್ಲಿಯ ನೀರನ್ನು ನೋಡಿದ್ದರಿಂದ.

ಆಮೇಲೆ ಏನು ಮಾಡಿದೆವೆಂಬುದನ್ನು ಹೇಳುತ್ತೇನೆ. ಆ ನಾಲ್ವರನ್ನು ಮೊದಲು ಕರೆಯಲಿಲ್ಲ. ನಿಂತು ನೋಡುತ್ತಿದ್ದ ಹತ್ತು ಮಂದಿಯನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದೆ. ಆರು ಮಂದಿ ಹೇಳಿದ್ದು ಒಂದೇ: “ನನಗೆ ಅದು ಸರಿ ಕಾಣಲಿಲ್ಲ ಸರ್, ಆದರೆ ಉಳಿದವರೆಲ್ಲ ನಗುತ್ತಿದ್ದರಲ್ಲ.” ಪ್ರತಿಯೊಬ್ಬನೂ ಉಳಿದವರಿಗೆ ಇದು ಇಷ್ಟವೆಂದು ತಿಳಿದು ನಗುತ್ತಿದ್ದ! ಅವರಲ್ಲಿ ವಾಲಿಬಾಲ್ ಆಡುವ ಇಬ್ಬರಿಗೆ, ಬಿಡುವಿನಲ್ಲಿ ಆ ಹುಡುಗನ ಜೊತೆಗಿರಿ, ಹೊಡೆಯುವುದು ಬೇಡ, ಬೈಯುವುದು ಬೇಡ, ಸುಮ್ಮನೆ ಜೊತೆಗಿರಿ ಎಂದೆ. ನಾಲ್ವರನ್ನು ಆಮೇಲೆ ಬೇರೆ ಬೇರೆಯಾಗಿ ಕರೆದೆ, ಅವರ ಮನೆಯವರನ್ನೂ ಕರೆದೆ. ನೋಡುವವರಿಲ್ಲದ ಮೇಲೆ ಪಂಥ ತಾನಾಗಿ ಬಿದ್ದುಹೋಯಿತು. ಮೂವರು ಸರಿಯಾದರು. ಒಬ್ಬ ಸರಿಯಾಗಲಿಲ್ಲ, ಮರುವರ್ಷ ಬೇರೆ ಶಾಲೆಗೆ ಹೋದ. ಅಲ್ಲಿ ಏನು ಮಾಡಿದನೋ ತಿಳಿಯದು. ಒಬ್ಬನ ತಂದೆ ಮಾತ್ರ, ಹುಡುಗಾಟವನ್ನು ಇಷ್ಟು ದೊಡ್ಡದು ಮಾಡುವುದೇ ಎಂದು ನನ್ನ ಮೇಲೆಯೇ ಹರಿಹಾಯ್ದ. ಇರಲಿ.

ಇದು ಒಂದು ಹಳ್ಳಿಯ ಅನುಭವ ಮಾತ್ರವಲ್ಲ. ಕೆನಡಾ ದೇಶದ ಟೊರಾಂಟೊ ನಗರದ ಶಾಲೆಗಳಲ್ಲಿ ಸಂಶೋಧಕರು ಆಟದ ಬಯಲಿಗೆ ಕ್ಯಾಮರಾ ಇಟ್ಟು ಮಕ್ಕಳನ್ನು ಗಮನಿಸಿದರು. ಅದರ ವರದಿ 2001ರಲ್ಲಿ ಹೊರಬಂತು. ಕಾಟದ ಪ್ರಸಂಗಗಳಲ್ಲಿ ನೂರಕ್ಕೆ 88ರಲ್ಲಿ ನೋಡುವ ಮಕ್ಕಳು ಇದ್ದೇ ಇದ್ದರು. ಅವರು ನಡುವೆ ಬಂದದ್ದು ನೂರಕ್ಕೆ 19ರಲ್ಲಿ ಮಾತ್ರ. ಆದರೆ ಹಾಗೆ ಬಂದಾಗಲೆಲ್ಲ, ಅರ್ಧಕ್ಕಿಂತ ಹೆಚ್ಚು ಸಲ, ಹತ್ತು ಸೆಕೆಂಡಿನೊಳಗೆ ಕಾಟ ನಿಂತುಹೋಯಿತು. ಹತ್ತು ಸೆಕೆಂಡು! ಅಂಗಡಿಯವರು ಒಂದು ಬೀಡಿ ಕಟ್ಟು ತೆಗೆದುಕೊಡುವಷ್ಟು ಹೊತ್ತು. ಫಿನ್‌ಲ್ಯಾಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಎಂಬ ಪ್ರಾಧ್ಯಾಪಕಿ ಇದನ್ನೇ ಹಿಡಿದು ಕೆಲಸ ಮಾಡಿದರು. ಕಾಟ ಕೊಡುವವನ ಸುತ್ತ ಅವನಿಗೆ ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ನೋಡಿಯೂ ನೋಡದಂತೆ ಹೋಗುವವರು, ಪೆಟ್ಟು ತಿಂದವನ ಪಕ್ಕ ನಿಲ್ಲುವವರು ಎಂದು ಬಗೆಬಗೆಯ ಮಕ್ಕಳಿರುತ್ತಾರೆ. ಮೊದಲು ಬದಲಿಸಬೇಕಾದದ್ದು ಇವರನ್ನು ಎಂದು ತೋರಿಸಿದರು. ಆ ದೇಶದ ಶಾಲೆಗಳು ಈ ಕ್ರಮವನ್ನು ವ್ಯಾಪಕವಾಗಿ ಕೈಗೊಂಡವು.

ಕಾಟ ಕೊಡುವ ಹುಡುಗನ ಬಲ ಅವನ ತೋಳಿನಲ್ಲಿಲ್ಲ, ಸುತ್ತಲಿನವರ ನಗೆಯಲ್ಲಿದೆ. ಯೂನಿಯನ್ ಕಟ್ಟಿದವರಿಗೆ ಇದು ಹೊಸ ಪಾಠವೇ? ಒಬ್ಬ ಕಾರ್ಮಿಕನನ್ನು ಅವಮಾನಿಸುವಾಗ ಉಳಿದವರು ನೆಲ ನೋಡುತ್ತಾ ನಿಂತರೆ ಮುಕಾದಮನ ಧೈರ್ಯ ಹೆಚ್ಚುತ್ತದೆ. ನಾಲ್ವರು ಕೆಲಸ ಬಿಟ್ಟು ಪಕ್ಕಕ್ಕೆ ಬಂದು ನಿಂತರೆ ಸಾಕು, ಅವನ ದನಿ ಇಳಿಯುತ್ತದೆ. ದೊಡ್ಡವರಾದ ಮೇಲೆ ಕಷ್ಟಪಟ್ಟು ಕಲಿತ ಈ ವಿದ್ಯೆಯನ್ನು ನಾವು ನಮ್ಮ ಮಕ್ಕಳಿಗೆ ಏಕೆ ಕಲಿಸುತ್ತಿಲ್ಲ? ಅವರಿಗೆ ಏನು ಹೇಳಿ ಕಳಿಸುತ್ತೇವೆ? “ಯಾರ ಗೊಡವೆಗೂ ಹೋಗಬೇಡ, ನಿನ್ನಷ್ಟಕ್ಕೆ ನೀನಿರು.”

ಕಾಟ ತಿನ್ನುವ ಮಗುವಿಗೆ ನಾವು ಕೊಡುವ ಉಪದೇಶ ಇನ್ನೊಂದು: “ನೀನೂ ನಾಲ್ಕು ಬಿಗಿ.” ಗಂಡಸರಿಗೆ ಈ ಉಪದೇಶ ಬಹಳ ಪ್ರಿಯ. ಅಮೇರಿಕದ ಲಿಟಲ್ ರಾಕ್ ಎಂಬ ಊರಿನಲ್ಲಿ 1957ರಲ್ಲಿ ನಡೆದದ್ದನ್ನು ಕೇಳಿ. ಬಿಳಿಯರ ಹೈಸ್ಕೂಲಿಗೆ ಒಂಬತ್ತು ಮಂದಿ ಕರಿಯ ಮಕ್ಕಳು ಸೇರಿದರು. ಬಿಳಿಯರ ಗುಂಪು ಬಾಗಿಲಲ್ಲಿ ತಡೆಯಿತು. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳಿಸಿದರು. ಸೈನಿಕರು ಮಕ್ಕಳನ್ನು ಒಳಗೆ ಬಿಟ್ಟರು. ಆದರೆ ತರಗತಿಯಲ್ಲಿ, ಮೊಗಸಾಲೆಯಲ್ಲಿ, ಊಟದ ಕೋಣೆಯಲ್ಲಿ ವರ್ಷವಿಡೀ ಒದೆತ, ಉಗುಳು, ಬೈಗುಳ ನಡೆದೇ ಇತ್ತು. ಅವರಲ್ಲಿ ಮಿನಿಜೀನ್ ಬ್ರೌನ್ ಎಂಬ ಹುಡುಗಿ ತಡೆಯಲಾರದೆ ಒಂದು ದಿನ ಊಟದ ಬಟ್ಟಲನ್ನು ಕಾಡುವ ಹುಡುಗರ ಮೇಲೆ ಬೀಳಿಸಿದಳು. ಅವಳನ್ನು ಅಮಾನತು ಮಾಡಿದರು. ಮತ್ತೊಂದು ಸಲ ಬೈಗುಳಕ್ಕೆ ಬೈಗುಳ ತಿರುಗಿಸಿದಳು. 1958ರ ಫೆಬ್ರುವರಿಯಲ್ಲಿ ಶಾಲೆಯಿಂದಲೇ ಹೊರಹಾಕಿದರು. ನೂರು ಸಲ ಕಾಟ ಕೊಟ್ಟವರು ಒಳಗೆ ಉಳಿದರು, ಎರಡು ಸಲ ತಿರುಗಿಬಿದ್ದವಳು ಹೊರಗೆ ಹೋದಳು. ಬಲವಿಲ್ಲದವನಿಗೆ ಹೊಡೆದಾಡು ಎಂದು ಹೇಳುವುದು ಸುಲಭ. ಹೊಡೆದಾಡಿದ ಮೇಲೆ ಶಿಕ್ಷೆ ಯಾರಿಗಾಗುತ್ತದೆಂಬುದನ್ನೂ ಯೋಚಿಸಬೇಕು.

ದೂರು ಕೊಟ್ಟರೆ ಸಾಕೇ? ಅದನ್ನೂ ಕೇಳಿ. 2023ರ ಆಗಸ್ಟಿನಲ್ಲಿ ತಮಿಳುನಾಡಿನ ತಿರುನಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ 12ನೇ ತರಗತಿಯ ಒಬ್ಬ ದಲಿತ ವಿದ್ಯಾರ್ಥಿಗೆ ಮೇಲ್ಜಾತಿಯೆನಿಸಿಕೊಂಡ ಸಹಪಾಠಿಗಳು ಜಾತಿಯ ಮೇಲೆ ಕಾಟ ಕೊಡುತ್ತಿದ್ದರು. ಅವನು ಶಾಲೆಗೆ ಹೋಗುವುದನ್ನು ಬಿಟ್ಟ. ಶಾಲೆಯವರು ವಿಚಾರಿಸಿದರು, ಅವನು ಹೇಳಿದ, ದೂರು ಬರೆದುಕೊಟ್ಟ. ಆ ರಾತ್ರಿಯೇ ಹುಡುಗರು ಕತ್ತಿ ಹಿಡಿದು ಅವನ ಮನೆಗೆ ನುಗ್ಗಿ ಅವನನ್ನು ಕಡಿದರು, ತಡೆಯಲು ಬಂದ ಎಳೆಯ ತಂಗಿಯನ್ನೂ ಕಡಿದರು. ಇಬ್ಬರೂ ಬದುಕಿದರು. ಹುಡುಗ ಆ ಗಾಯಗಳೊಡನೆಯೇ ಮರುವರ್ಷ ಪರೀಕ್ಷೆ ಬರೆದು ಉತ್ತೀರ್ಣನಾದ. ಆಮೇಲೆ ಅಲ್ಲಿನ ಸರಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರನ್ನು ನೇಮಿಸಿತು. ಅವರು 2024ರ ಜೂನ್‌ನಲ್ಲಿ ವರದಿ ಕೊಟ್ಟರು. ಜಾತಿಯ ಗುರುತಾಗಿ ಮಕ್ಕಳು ಕೈಗೆ ಕಟ್ಟುವ ಬಣ್ಣದ ದಾರಗಳನ್ನು ನಿಷೇಧಿಸಬೇಕು, ಹಾಜರಿಪುಸ್ತಕದಿಂದ ಜಾತಿ ಬಯಲಾಗಬಾರದು ಎಂದೆಲ್ಲ ಅವರ ಶಿಫಾರಸುಗಳು. ಶಿಫಾರಸು ಒಳ್ಳೆಯವೇ. ಆದರೆ ನಾನು ಆ ಘಟನೆಯಿಂದ ಹೆಕ್ಕಿಕೊಳ್ಳುವುದು ಬೇರೊಂದನ್ನು. ದೂರು ಬರೆಸಿಕೊಂಡ ಗಳಿಗೆಯಿಂದ ಆ ಮಗುವಿನ ಮೈಗಾವಲು ಶಾಲೆಯ ಹೊಣೆ. ಯಾರು ದೂರಿದರು ಎಂಬುದು ಎದುರಾಳಿಯ ಮನೆಗೆ ತಲುಪುವ ಮೊದಲು, ಮಗು ಯಾವ ದಾರಿಯಲ್ಲಿ ಮನೆಗೆ ಹೋಗುತ್ತದೆ, ಯಾರ ಜೊತೆ ಹೋಗುತ್ತದೆ ಎಂಬುದು ನಿಶ್ಚಯವಾಗಿರಬೇಕು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಕೈ ಕುಲುಕಿಸಿ, “ಇನ್ನು ರಾಜಿಯಾಗಿ ಇರಿ” ಎಂದು ಕಳಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿದೆ. ಸಮಬಲರ ಜಗಳಕ್ಕೆ ಅದು ಮದ್ದು. ಕಾಟಕ್ಕೆ ಅದು ವಿಷ. ಧಣಿಯನ್ನೂ ಒಕ್ಕಲನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ರಾಜಿ ಮಾಡಿಸಿದಾಗ ರಾಜಿಯಾದವನು ಯಾರೆಂಬುದು ಈ ಜಿಲ್ಲೆಯ ಗೇಣಿದಾರರಿಗೆ ಗೊತ್ತು.

ಕೆಲವು ಕಡೆ ಕಾಟ ಕೊಡುವುದು ಶಾಲೆಯೇ. 2023ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ವಿದ್ಯಾರ್ಥಿಗಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ದೃಶ್ಯ ಸಮೇತ ಹೊರಬಂತು. ಪ್ರಾಂಶುಪಾಲರು ಅಮಾನತಾದರು, ಬಂಧನಗಳಾದವು. ಯೋಚಿಸಿ: ಗುರುವೇ ಒಂದು ಗುಂಪಿನ ಮಕ್ಕಳನ್ನು ಗುಂಡಿಗೆ ಇಳಿಸಿದ ಶಾಲೆಯಲ್ಲಿ, ಉಳಿದ ಮಕ್ಕಳು ಅವರನ್ನು ನಾಳೆ ಯಾವ ಹೆಸರಿನಿಂದ ಕರೆದಾರು? ಅವರಿಗೆ ಬುದ್ಧಿ ಹೇಳುವ ಅಧಿಕಾರ ಯಾರಿಗಿದೆ? ನಮ್ಮ ಕಡೆ ಎಷ್ಟೋ ಮಕ್ಕಳು ದೂರದ ಊರುಗಳಿಂದ ಬಂದು ಹಾಸ್ಟೆಲುಗಳಲ್ಲಿ ಉಳಿಯುತ್ತಾರೆ. ದಿನದ ಶಾಲೆಯ ಕಾಟಕ್ಕೆ ಸಂಜೆಯಾದರೆ ವಿರಾಮವಿದೆ. ಹಾಸ್ಟೆಲಿನ ಕಾಟಕ್ಕೆ ರಾತ್ರಿಯೂ ಇದೆ. ಮಗುವನ್ನು ಹಾಸ್ಟೆಲಿಗೆ ಬಿಟ್ಟವರು ಹಬ್ಬಕ್ಕೊಮ್ಮೆ ನೋಡಲು ಹೋದರೆ ಸಾಲದು. ಹೋದಾಗ ವಾರ್ಡನ್ನರ ಕೋಣೆಯಲ್ಲಿ ಕುಳಿತು ಚಹ ಕುಡಿದು ಬರಬಾರದು. ಮಗು ಮಲಗುವ ಜಾಗ ನೋಡಬೇಕು, ಪಕ್ಕದಲ್ಲಿ ಮಲಗುವವನನ್ನು ಮಾತಾಡಿಸಬೇಕು.

ಇನ್ನು ಕಾಟ ಕೊಡುವ ಹುಡುಗನ ಮನೆಯವರ ಬಗ್ಗೆ ಎರಡು ಮಾತು. ಅವರೂ ಈ ಸಭೆಯಲ್ಲಿ ಇದ್ದೇ ಇದ್ದಾರೆ. ನಾರ್ವೆ ದೇಶದಲ್ಲಿ 1982ರ ಕೊನೆಗೆ ಮೂವರು ಹುಡುಗರು ತಮ್ಮ ಜೀವ ತಾವೇ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕೆಂದು ದೇಶ ತಲ್ಲಣಿಸಿತು. 1983ರಲ್ಲಿ ಸರಕಾರವೇ ದೇಶದ ಶಾಲೆಗಳಲ್ಲೆಲ್ಲ ಕಾರ್ಯಕ್ರಮ ಹೂಡಿತು. ಡಾನ್ ಓಲ್ವೇಯುಸ್ ಎಂಬ ಮನಶ್ಶಾಸ್ತ್ರಜ್ಞರು ಬೆರ್ಗೆನ್ ನಗರದ 42 ಶಾಲೆಗಳ ಸುಮಾರು 2500 ಮಕ್ಕಳನ್ನು ಎರಡು ವರ್ಷ ಗಮನಿಸಿದಾಗ ಕಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮಾಡಿದ್ದೇನು? ಮಂತ್ರವಲ್ಲ. ಶಾಲೆಗೆ ಕೆಲವು ಸ್ಪಷ್ಟ ನಿಯಮ. ಬಿಡುವಿನಲ್ಲಿ ಮಾಸ್ತರರು ಅಂಗಳದಲ್ಲಿ ಇರುವುದು. ತರಗತಿಯಲ್ಲಿ ವಾರವಾರ ಕೂತು ಮಾತು. ಕಾಟ ಕೊಟ್ಟವನೊಡನೆಯೂ ತಿಂದವನೊಡನೆಯೂ, ಇಬ್ಬರ ಮನೆಯವರೊಡನೆಯೂ ಗಂಭೀರ ಮಾತುಕತೆ. ಅದೇ ಓಲ್ವೇಯುಸ್ ಇನ್ನೊಂದು ಲೆಕ್ಕವನ್ನೂ ಹಾಕಿದರು. ಆರರಿಂದ ಒಂಬತ್ತನೇ ತರಗತಿಯಲ್ಲಿ ಕಾಟ ಕೊಡುತ್ತಿದ್ದ ಹುಡುಗರಲ್ಲಿ ನೂರಕ್ಕೆ ಸುಮಾರು 60 ಮಂದಿ 24ರ ವಯಸ್ಸಿಗೆ ಬರುವುದರೊಳಗೆ ಒಂದು ಸಲವಾದರೂ ನ್ಯಾಯಾಲಯದಲ್ಲಿ ಅಪರಾಧಿಗಳೆನಿಸಿದ್ದರು. ನಿಮ್ಮ ಮಗನ ಮೇಲೆ ದೂರು ತಂದ ಮಾಸ್ತರನ ಮೇಲೆ ಹರಿಹಾಯುವ ಮುಂಚೆ ಈ ಲೆಕ್ಕ ನೆನಪಿರಲಿ. ಅವನು ದೂರು ತಂದದ್ದಲ್ಲ, ಎಚ್ಚರಿಕೆ ತಂದದ್ದು. ಹಾಗೆಂದು ಮನೆಗೆ ಹೋಗಿ ಹುಡುಗನಿಗೆ ಬೆಲ್ಟಿನಿಂದ ಬಾರಿಸಿದರೆ ಪ್ರಯೋಜನವಿಲ್ಲ. ದೊಡ್ಡವನು ಚಿಕ್ಕವನಿಗೆ ಹೊಡೆಯಬಹುದು ಎಂಬ ಪಾಠವನ್ನೇ ಅವನು ಕಲಿತಿರುವುದು. ನೀವು ಅದನ್ನೇ ಮತ್ತೊಮ್ಮೆ ಕಲಿಸಿದಂತಾಗುತ್ತದೆ.

ಮೊಬೈಲಿನ ವಿಷಯ ಬೇಗ ಮುಗಿಸುತ್ತೇನೆ. ಹುಡುಗಿಯ ಫೋಟೋ ತೆಗೆದು ಏನೋ ಬರೆದು ವಾಟ್ಸಪ್ ಗುಂಪಿಗೆ ಬಿಡುವುದು ಈಗ ಹೈಸ್ಕೂಲುಗಳಲ್ಲಿ ಕಾಣುತ್ತಿದೆ. ಅಲ್ಲಿಯೂ ನ್ಯಾಯ ಅದೇ: ಬಿಟ್ಟವನು ಒಬ್ಬ, ಮುಂದೆ ಕಳಿಸಿದವರು ಐವತ್ತು ಮಂದಿ. ಅಳಿಸುವ ಮೊದಲು ಅದರ ಪ್ರತಿಯನ್ನು ಇಟ್ಟುಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತದೆ. ಆದರೆ ಅಂಗಾಂಗ ಕಾಣುವ, ನಾಚಿಕೆಗೇಡಿನ ಚಿತ್ರವಾದರೆ ಪ್ರತಿ ತೆಗೆಯುವ, ತೋರಿಸುವ ಗೊಡವೆಗೆ ಹೋಗದೆ ನೇರ ಪೋಲೀಸರಿಗೆ ತಿಳಿಸಿ. ಅದು 2012ರ ಪೋಕ್ಸೋ ಕಾಯಿದೆಗೆ ಬರುತ್ತದೆ.

ಅಂಗಡಿಕಾರ ಬಂಧುಗಳಿಗೆ ಒಂದು ಪ್ರತ್ಯೇಕ ಮಾತು. ಮಾಸ್ತರರು ನೋಡುವುದು ಶಾಲೆಯ ಅಂಗಳವನ್ನು. ಬಸ್ ಸ್ಟಾಂಡಿನಲ್ಲಿ, ನಿಮ್ಮ ಅಂಗಡಿಯ ಕಟ್ಟೆಯಲ್ಲಿ ಸಂಜೆ ನಾಲ್ಕೂವರೆಯ ಮೇಲೆ ನಡೆಯುವುದನ್ನು ನೋಡುವವರು ನೀವೊಬ್ಬರೇ. ಸಣ್ಣವನ ಕೈಯ ಹತ್ತು ರೂಪಾಯಿ ದೊಡ್ಡವನ ಚಾಕಲೇಟಾಗುವುದು ನಿಮ್ಮ ಕಣ್ಣೆದುರಿಗೇ. ವ್ಯಾಪಾರ ಆಯಿತಲ್ಲ ಎಂದು ಸುಮ್ಮನಿರುತ್ತೀರೋ, “ಏ ತಮಾ, ದುಡ್ಡು ಯಾರದ್ದು?” ಎಂದು ಒಂದು ಮಾತು ಕೇಳುತ್ತೀರೋ? ಆ ಟೊರಾಂಟೊದ ಹತ್ತು ಸೆಕೆಂಡು ನಿಮ್ಮ ಅಂಗಡಿಗೂ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಸಿದ್ದಿ ಗಿರಾಕಿ ಬಂದಾಗ ನೀವು ಅವನನ್ನು ಯಾವ ಹೆಸರಿನಿಂದ ಕರೆಯುತ್ತೀರಿ ಎಂಬುದನ್ನು ಕಟ್ಟೆಯ ಮೇಲೆ ಪೆಪ್ಪರಮಿಂಟು ಚೀಪುತ್ತ ಕುಳಿತ ಹುಡುಗ ಕೇಳಿಸಿಕೊಳ್ಳುತ್ತಿರುತ್ತಾನೆ.

ಕಾಯಿದೆ ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದುರ್ಬಲ ವರ್ಗದ ಮಗುವಿಗೆ ಶಾಲೆಯಲ್ಲಿ ಭೇದಭಾವವಾಗದಂತೆ ನೋಡುವುದು ಸರಕಾರದ ಕರ್ತವ್ಯವೆಂದು ಅದೇ ಕಾಯಿದೆ ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರೆದುರು ಉದ್ದೇಶಪೂರ್ವಕ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಅಪರಾಧ. ಹತ್ತು ವರ್ಷದ ಹುಡುಗನನ್ನು ಕೋರ್ಟಿಗೆ ಎಳೆಯಿರೆಂದು ನಾನು ಹೇಳುವುದಿಲ್ಲ. ಆದರೆ ಅವನಿಗೆ ಆ ಮಾತು ಕಲಿಸಿದ ದೊಡ್ಡವರು ಈ ಕಾಯಿದೆ ಇದೆಯೆಂಬುದನ್ನು ತಿಳಿದಿರಲಿ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂಬುದೂ ಕಾಯಿದೆಯೇ. ಆದ್ದರಿಂದ “ಅವನ ಹೆಸರು ತೆಗೆದುಹಾಕಿ” ಎಂದು ಕೂಗುವುದು ದಾರಿಯಲ್ಲ. ಅವನನ್ನು ಇಟ್ಟುಕೊಂಡೇ ತಿದ್ದಬೇಕು.

ಕಾಯಿದೆಯ 21ನೇ ಕಲಮಿನಲ್ಲಿ ನಮ್ಮ ಕೈಗೆ ಒಂದು ಉಪಕರಣವಿದೆ. ಶಾಲೆಯ ಸಮಿತಿಯಲ್ಲಿ, ನೀವೆಲ್ಲ ಎಸ್.ಡಿ.ಎಂ.ಸಿ. ಎನ್ನುತ್ತೀರಲ್ಲ ಅದರಲ್ಲಿ, ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ದುರ್ಬಲ ವರ್ಗದ ಪಾಲಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ನಿಮ್ಮ ನಿಮ್ಮ ಶಾಲೆಯ ಸಮಿತಿಯಲ್ಲಿ ಸಿದ್ದಿ ತಾಯಿ ಯಾರಿದ್ದಾರೆ? ಇದ್ದರೆ ಸಭೆಗೆ ಬರುತ್ತಾರೋ, ರಿಜಿಸ್ಟರು ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೋ? ಸಭೆಯನ್ನು ಕೂಲಿಯ ಹೊತ್ತಿನಲ್ಲಿ ಇಟ್ಟರೆ ಆಕೆ ಬರುವುದು ಹೇಗೆ? ಸಂಜೆ ಇಡಿ.

ಆ ಸಭೆಯಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಬಿಡುವಿನಲ್ಲಿ ಶಾಲೆಯ ಹಿಂಬದಿಯಲ್ಲಿ, ಶೌಚಾಲಯದ ಬಳಿಯಲ್ಲಿ ಯಾವ ದಿನ ಯಾವ ಮಾಸ್ತರರು, ಯಾವ ಅಕ್ಕೋರು ಇರುತ್ತಾರೆಂದು ಬರೆದು ಗೋಡೆಗೆ ಹಚ್ಚಲಿ. ಶಿಕ್ಷಕರು ಕಡಿಮೆ ಇರುವ ಶಾಲೆಯಲ್ಲಿ ಪಾಲಕರೇ ಸರದಿ ಹಾಕಿಕೊಂಡು ಬನ್ನಿ. ಊಟದ ಹೊತ್ತಿಗೆ ಅಡಿಗೆಯ ಹೆಂಗಸರು ಹೇಗೂ ಇರುತ್ತಾರೆ, ಅವರನ್ನೂ ಕೇಳಿ, ಅವರಿಗೆ ಬಹಳ ಗೊತ್ತಿರುತ್ತದೆ. ದೂರಿನ ಪೆಟ್ಟಿಗೆಯನ್ನು ಮುಖ್ಯಾಧ್ಯಾಪಕರ ಬಾಗಿಲಿಗೆ ಹೊಡೆದಿದ್ದರೆ ಅದನ್ನು ಕಿತ್ತು ಬೇರೆ ಕಡೆ ಇಡಿಸಿ. ಎಲ್ಲರೂ ನೋಡುವ ಜಾಗದಲ್ಲಿ ಯಾವ ಮಗುವೂ ಚೀಟಿ ಹಾಕುವುದಿಲ್ಲ. ಬಂದ ದೂರು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ದಾಖಲಾಗಲಿ, ಮಗುವಿನ ಹೆಸರು ಹೊರಗೆ ಬಾರದಿರಲಿ, ಎರಡು ವಾರದ ಮೇಲೆ ಅದೇ ಮಗುವನ್ನು ಕರೆದು “ಈಗ ಹೇಗಿದೆ?” ಎಂದು ಕೇಳಿ ಅದನ್ನೂ ಬರೆಯಲಿ. ಶಾಲೆ ಕಿವಿಗೊಡದಿದ್ದರೆ ಯಲ್ಲಾಪುರದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಇದ್ದಾರೆ, ಶಿರಸಿಯಲ್ಲಿ ಉಪನಿರ್ದೇಶಕರು ಇದ್ದಾರೆ. ಪಂಚಾಯತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳಿಂದ ಸ್ವಾಗತಗೀತೆ ಹಾಡಿಸಿ ಕಳಿಸುವ ಬದಲು ಈ ಪ್ರಶ್ನೆಯನ್ನು ಅವರ ಮುಂದಿಡಿ. ತುರ್ತಿನ ಹೊತ್ತಿಗೆ ಮಕ್ಕಳ ಸಹಾಯವಾಣಿ 1098. ಮಗುವೇ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ. ಆ ಸಂಖ್ಯೆಯನ್ನು ಅಂಗಡಿಕಾರರು ತಮ್ಮ ತಮ್ಮ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದರೂ ಸಾಕು.

ಎಸ್.ಡಿ.ಎಂ.ಸಿ. ಸದಸ್ಯರು ಇಲ್ಲಿ ಏಳೆಂಟು ಮಂದಿ ಇದ್ದೀರೆಂದು ಅಧ್ಯಕ್ಷರು ಹೇಳಿದ್ದಾರೆ. ಸಭೆ ಮುಗಿದ ಮೇಲೆ ಅವರು ಹೋಗದೆ ಹತ್ತು ನಿಮಿಷ ಕುಳಿತುಕೊಳ್ಳಬೇಕೆಂದು ವಿನಂತಿ. ಬಿಡುವಿನ ಸರದಿಯ ಪಟ್ಟಿಯನ್ನು ಇವತ್ತೇ ಬರೆಯೋಣ. ಕಾಗದ, ಪೆನ್ನು ನಾನು ತಂದಿದ್ದೇನೆ.